ಪಿಕಪ್‌ಗೆ ಹೆಚ್ಚುವರಿ ದೀಪ: ಬೆಳಕು ಎಷ್ಟು, ಕುಕ್ಕುವುದು ಯಾರ ಕಣ್ಣು?

ಬಾಗಲಕೋಟೆ: ಕತ್ತಲಾದ ಮೇಲೆ ಜಿಲ್ಲೆಯ ರಸ್ತೆಗಳಲ್ಲಿ ಎದುರಾಗುವ ಅನೇಕ ಪಿಕಪ್ ವಾಹನಗಳಿಗೆ ಈಗ ಎರಡು ಕಣ್ಣು ಸಾಲುತ್ತಿಲ್ಲ. ಕಾರ್ಖಾನೆಯಿಂದ ಬಂದ ಹೆಡ್‌ಲೈಟ್‌ಗಳ ಜೊತೆಗೆ ಬಂಪರಿನ ಮೇಲೆ ಎರಡೋ ನಾಲ್ಕೋ ಚೌಕ ದೀಪಗಳು, ಕ್ಯಾಬಿನ್ನಿನ ನೆತ್ತಿಯ ಮೇಲೊಂದು ಉದ್ದನೆಯ ಎಲ್‌ಇಡಿ ಪಟ್ಟಿ ಸೇರಿಕೊಂಡಿವೆ. ಇಳಕಲ್‌ನ ಗ್ರಾನೈಟ್ ಕ್ವಾರಿಗಳಿಗೆ ಹೋಗಿಬರುವವರಿಗೂ, ಹುನಗುಂದದ ಎರಿ ಹೊಲಗಳ ದಾರಿಯಲ್ಲಿ ಮಾಲು ಹೇರಿಕೊಂಡು ಬರುವವರಿಗೂ ಇದು ಶೋಕಿಯ ವಸ್ತುವಲ್ಲ, ಅಗತ್ಯ. ಆದರೆ ಯಾವ ದೀಪ, ಎಷ್ಟು ಎತ್ತರದಲ್ಲಿ, ಯಾವ ರಸ್ತೆಗೆ ಎಂಬುದನ್ನು ವಿಚಾರಿಸದೆ ಕೊಂಡರೆ ಹಣ ವ್ಯರ್ಥವಾಗುವುದರ ಜೊತೆಗೆ ಎದುರು ಬರುವವನ ಪ್ರಾಣಕ್ಕೂ ಸಂಚಕಾರ ಬರುತ್ತದೆ. ಮೇಲಾಗಿ, ಇಂತಹ ದೀಪಗಳಲ್ಲಿ ಹೆಚ್ಚಿನವು ಸಾರ್ವಜನಿಕ ರಸ್ತೆಯಲ್ಲಿ ನಿಯಮಬಾಹಿರ ಎಂಬ ಸಂಗತಿ ಕೊಳ್ಳುವ ಅನೇಕರಿಗೆ ತಿಳಿದಿರುವುದಿಲ್ಲ.

ಒಂದೇ ಜಿಲ್ಲೆ, ಹಲವು ಬಗೆಯ ರಾತ್ರಿ

ವಿಜಯಪುರದಿಂದ ಹೊಸಪೇಟೆಯ ಕಡೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 50 (ಹಿಂದಿನ 13) ಹುನಗುಂದ ಮತ್ತು ಇಳಕಲ್ ಪಟ್ಟಣಗಳನ್ನು ಹಾದುಹೋಗುತ್ತದೆ. ಚತುಷ್ಪಥವಾಗಿರುವ ಈ ಹೆದ್ದಾರಿಯಲ್ಲಿ ಹೆಚ್ಚುವರಿ ದೀಪದ ಅಗತ್ಯವೇ ಇಲ್ಲ. ಹೆದ್ದಾರಿಯಿಂದ ಕ್ವಾರಿಯ ದಾರಿಗೆ ಹೊರಳಿದೊಡನೆ ಚಿತ್ರ ಬದಲಾಗುತ್ತದೆ. ಕಲ್ಲಿನ ಪುಡಿ, ಭಾರಿ ಲಾರಿಗಳು ಕೊರೆದ ಗುಂಡಿಗಳು, ಬದಿಯಲ್ಲಿ ಒಟ್ಟಿದ ಕಲ್ಲುದಿಮ್ಮಿಗಳು. ಅಲ್ಲಿ ವೇಗ ಗಂಟೆಗೆ 20 ಕಿಲೋಮೀಟರ್ ದಾಟುವುದಿಲ್ಲ. ಬೇಕಾಗಿರುವುದು ಹತ್ತಿರದ ನೆಲವನ್ನು ಅಗಲವಾಗಿ ತೋರಿಸುವ ಬೆಳಕೇ ಹೊರತು ಅರ್ಧ ಕಿಲೋಮೀಟರ್ ದೂರದ ಬೇವಿನ ಮರವನ್ನು ತೋರಿಸುವ ಬೆಳಕಲ್ಲ.

ಬಾದಾಮಿಯ ಸುತ್ತ ಮರಳುಗಲ್ಲಿನ ಗುಡ್ಡಗಳ ನಡುವಿನ ತಿರುವುಗಳಲ್ಲಿ ನೇರಕ್ಕೆ ಹೋಗುವ ಕಿರಿದಾದ ಬೆಳಕು ಬಂಡೆಗೆ ಬಡಿದು ನಿಲ್ಲುತ್ತದೆ. ರಸ್ತೆ ಮಾತ್ರ ಪಕ್ಕಕ್ಕೆ ತಿರುಗಿರುತ್ತದೆ. ಇನ್ನು ಜನವರಿಯ ಸುಮಾರಿಗೆ ನಡೆಯುವ ಬನಶಂಕರಿ ಜಾತ್ರೆಯ ದಿನಗಳಲ್ಲಿ ಅದೇ ರಸ್ತೆಗಳಲ್ಲಿ ಚಕ್ಕಡಿಗಳೂ ಪಾದಚಾರಿಗಳೂ ರಾತ್ರಿಯಿಡೀ ಸಾಗುತ್ತಿರುತ್ತಾರೆ.

ಎಲ್ಲಕ್ಕಿಂತ ಅಪಾಯಕಾರಿಯಾದದ್ದು ಕಬ್ಬಿನ ಹಂಗಾಮಿನ ರಾತ್ರಿ. ಮುಧೋಳ, ಜಮಖಂಡಿ, ಬಾಗಲಕೋಟೆ ಭಾಗದ ರಸ್ತೆಗಳಲ್ಲಿ ಒಂದು ಟ್ರ್ಯಾಕ್ಟರಿಗೆ ಎರಡು ಟ್ರೇಲರ್ ಕಟ್ಟಿ, ಎರಡೂ ಬದಿಗೆ ಚಾಚಿಕೊಂಡ ಕಬ್ಬಿನ ಹೊರೆಯೊಂದಿಗೆ ಸಾಲುಸಾಲಾಗಿ ಹೊರಡುತ್ತಾರೆ. ಹಿಂದಿನ ದೀಪ, ಪ್ರತಿಫಲಕ ಇದ್ದರೂ ಜೋತಾಡುವ ರವದಿ ಅವುಗಳನ್ನು ಮುಚ್ಚಿರುತ್ತದೆ. ಎದುರಿನಿಂದ ಒಂದು ಪಿಕಪ್ ಎಲ್ಲ ದೀಪಗಳನ್ನೂ ಹೊತ್ತಿಸಿಕೊಂಡು ಬಂದಿತೆನ್ನಿ. ಈ ಟ್ರೇಲರಿನ ಹಿಂದಿರುವ ಬೈಕ್ ಸವಾರನಿಗೆ ಬಿಳಿಯ ಗೋಡೆಯ ಹೊರತು ಮತ್ತೇನೂ ಕಾಣದು. ಟ್ರೇಲರು ಇರುವುದು ಆ ಗೋಡೆಯ ಒಳಗೆ.

ಸೆಕೆಂಡಿನ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗದಲ್ಲಿ ವಾಹನ ಪ್ರತಿ ಸೆಕೆಂಡಿಗೆ ಸುಮಾರು 17 ಮೀಟರ್ ಕ್ರಮಿಸುತ್ತದೆ. ಅಡ್ಡಿಯನ್ನು ಕಂಡು ಬ್ರೇಕಿನ ಮೇಲೆ ಕಾಲಿಡಲು ಒಂದೂವರೆ ಸೆಕೆಂಡ್ ಹಿಡಿದರೆ 25 ಮೀಟರ್ ಅಲ್ಲಿಯೇ ಮುಗಿಯುತ್ತದೆ. ಒಣ ಡಾಂಬರಿನ ಮೇಲೆ ನಿಲ್ಲಲು ಮತ್ತೆ ಸುಮಾರು 25 ಮೀಟರ್ ಬೇಕು. ಒಟ್ಟು 50 ಮೀಟರ್ ಎಂದಾಯಿತು. ಡಿಮ್ ದೀಪದ ಬೆಳಕು ಚೆನ್ನಾಗಿ ತಲುಪುವುದೂ ಹೆಚ್ಚುಕಡಿಮೆ ಅಷ್ಟೇ ದೂರ. ಅದೇ ವೇಗ 80 ಕಿ.ಮೀ. ಆದರೆ ನಿಲ್ಲುವ ದೂರ 75ರಿಂದ 80 ಮೀಟರಿಗೆ ಏರುತ್ತದೆ. ಭಾರ ಹೇರಿದ ಪಿಕಪ್‌ಗೆ, ಮಣ್ಣು ಬಿದ್ದ ರಸ್ತೆಯಲ್ಲಿ ಇನ್ನೂ ಹೆಚ್ಚು. ಹೆಚ್ಚುವರಿ ದೀಪಕ್ಕಾಗಿ ಚಾಲಕರು ಹಂಬಲಿಸುವುದಕ್ಕೆ ಕಾರಣ ಇದೇ, ಅದರಲ್ಲಿ ತಪ್ಪೇನೂ ಇಲ್ಲ.

ತಪ್ಪಿರುವುದು ಲೆಕ್ಕದ ಇನ್ನೊಂದು ಬದಿಯನ್ನು ಮರೆಯುವುದರಲ್ಲಿ. ಪ್ರಖರ ಬೆಳಕು ಕಣ್ಣಿಗೆ ಹೊಡೆದ ಮೇಲೆ ದೃಷ್ಟಿ ಮೊದಲಿನಂತಾಗಲು ಕೆಲವು ಸೆಕೆಂಡುಗಳು ಬೇಕು. ವಯಸ್ಸಾದವರಿಗೆ ಇನ್ನೂ ಹೆಚ್ಚು. ಮೂರೇ ಸೆಕೆಂಡ್ ಎಂದುಕೊಂಡರೂ 60 ಕಿ.ಮೀ. ವೇಗದಲ್ಲಿ ಎದುರಿನ ಚಾಲಕ 50 ಮೀಟರ್ ದೂರವನ್ನು ಕುರುಡಾಗಿ ಕ್ರಮಿಸುತ್ತಾನೆ. ಒಬ್ಬ ತನಗಾಗಿ ಗಳಿಸಿಕೊಂಡ ದೂರವನ್ನು ಇನ್ನೊಬ್ಬನಿಂದ ಕಸಿದುಕೊಂಡಂತಾಯಿತು.

ನಿಯಮ ಏನು ಹೇಳುತ್ತದೆ?

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 111ನೇ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1993ರ ತಿದ್ದುಪಡಿಯ ನಂತರ ಯಾವುದೇ ವಾಹನದ ಮುಂಭಾಗದಲ್ಲಿ ಸ್ಪಾಟ್‌ಲೈಟ್ ಅಥವಾ ಸರ್ಚ್‌ಲೈಟ್ ಅಳವಡಿಸುವಂತಿಲ್ಲ. ವಿಶೇಷ ಸಂದರ್ಭಗಳಲ್ಲಿ ನೋಂದಣಿ ಪ್ರಾಧಿಕಾರದ, ಅಂದರೆ ಆರ್‌ಟಿಒ ಕಚೇರಿಯ, ಪೂರ್ವಾನುಮತಿ ಪಡೆದು ಮಾತ್ರ ಹಾಕಿಸಬಹುದು. 106ನೇ ನಿಯಮದ ಪ್ರಕಾರ ಮುಂದಿನ ದೀಪದ ಬೆಳಕು ಸದಾ ಕೆಳಮುಖವಾಗಿರಬೇಕು. ದೀಪದಿಂದ 8 ಮೀಟರ್ ದೂರದಲ್ಲಿ, ಬಲಕ್ಕೆ ಅರ್ಧ ಮೀಟರ್ ಸರಿದು, ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿ ಕಣ್ಣಿರುವ ವ್ಯಕ್ತಿಗೆ ಅದು ಕುಕ್ಕಬಾರದು. ನೆತ್ತಿಯ ಮೇಲಿನ ಎಲ್‌ಇಡಿ ಪಟ್ಟಿ ಈ ಪರೀಕ್ಷೆಯಲ್ಲಿ ಪಾಸಾಗುವ ಸಂಭವ ತೀರಾ ಕಡಿಮೆ.

ರಾಜ್ಯದಲ್ಲಿ ಈ ನಿಯಮ ಕಾಗದದಲ್ಲಿಯೇ ಉಳಿದಿತ್ತು ಎಂದರೆ ಉತ್ಪ್ರೇಕ್ಷೆಯಾಗದು. 2024ರ ಜೂನ್‌ನಲ್ಲಿ ಸಂಚಾರ ಮತ್ತು ರಸ್ತೆ ಸುರಕ್ಷತಾ ವಿಭಾಗದ ಅಂದಿನ ಎಡಿಜಿಪಿ ಅಲೋಕ್ ಕುಮಾರ್ ಅವರು ಕಣ್ಣು ಕುಕ್ಕುವ ಎಲ್‌ಇಡಿ ದೀಪಗಳ ವಿರುದ್ಧ ಜುಲೈನಿಂದ ರಾಜ್ಯದಾದ್ಯಂತ ಪ್ರಕರಣ ದಾಖಲಿಸುವುದಾಗಿ ಪ್ರಕಟಿಸಿದರು. ಅದಕ್ಕೆ ಬಳಸಿದ್ದು ಮೋಟಾರು ವಾಹನ ಕಾಯ್ದೆಯ 177ನೇ ಸೆಕ್ಷನ್. ಆದರೆ 2019ರ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್ನಿನ 4ನೇ ಉಪಸೆಕ್ಷನ್ ಇನ್ನೂ ಕಠಿಣವಾದದ್ದು. ಅನುಮತಿಯಿಲ್ಲದೆ ವಾಹನವನ್ನು ಮಾರ್ಪಡಿಸುವ ಮಾಲೀಕನಿಗೆ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗೆ ಸೆರೆವಾಸ ಅಥವಾ ಎರಡನ್ನೂ ಅದು ವಿಧಿಸುತ್ತದೆ. ದೀಪ ಕೂರಿಸುವ ಸಲುವಾಗಿ ಹಾಕಿಸುವ ಕಬ್ಬಿಣದ ಮುಂಗಾವಲು, ಅಂದರೆ ಬುಲ್‌ಬಾರ್ ಸಹ ನಿಯಮಬಾಹಿರವೇ. ಅದರ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರ್‌ನಲ್ಲಿಯೇ ರಾಜ್ಯಗಳಿಗೆ ಬರೆದಿದೆ.

ಹೆದ್ದಾರಿಗೆ ಬಂದಾಗ ದೀಪಕ್ಕೆ ಕಪ್ಪು ಮುಚ್ಚಳ ಹಾಕಿದರೆ ಸಾಕು ಎಂಬ ನಂಬಿಕೆ ಚಾಲಕರಲ್ಲಿ ವ್ಯಾಪಕವಾಗಿದೆ. ನಿಯಮ ನಿಷೇಧಿಸಿರುವುದು ಉರಿಸುವುದನ್ನಷ್ಟೇ ಅಲ್ಲ, ಅಳವಡಿಸುವುದನ್ನು. ಕ್ವಾರಿಯ ಆವರಣದಲ್ಲಿ ನಿಜವಾಗಿಯೂ ಬೇಕೆನ್ನುವವರು ಕ್ಲ್ಯಾಂಪಿನಿಂದ ಬಿಚ್ಚಿ ತೆಗೆಯಬಹುದಾದ, ಪ್ಲಗ್ ಕಳಚಬಹುದಾದ ದೀಪ ಆರಿಸಿ, ರಸ್ತೆಗೆ ಇಳಿಯುವ ಮುನ್ನ ತೆಗೆದಿಡುವುದು ಜಾಣತನ.

ಮೊದಲು ಇರುವ ದೀಪ

ಹೊಸ ದೀಪಕ್ಕೆ ಹಣ ಸುರಿಯುವ ಮುನ್ನ ಹಳೆಯದನ್ನೊಮ್ಮೆ ನೋಡಬೇಕು. ಬಿಸಿಲಿಗೆ ಹಳದಿಗಟ್ಟಿ, ಕಲ್ಲಿನ ಪುಡಿಯಿಂದ ಗೀರುಬಿದ್ದ ಹೆಡ್‌ಲೈಟಿನ ಪ್ಲಾಸ್ಟಿಕ್ ಮುಚ್ಚಳ ಬೆಳಕಿನ ದೊಡ್ಡ ಪಾಲನ್ನು ನುಂಗುತ್ತದೆ. ಅದನ್ನು ಪಾಲಿಶ್ ಮಾಡಿಸುವುದು ಅಥವಾ ಬದಲಿಸುವುದು ಅತ್ಯಂತ ಅಗ್ಗದ ಸುಧಾರಣೆ. ಹಳೆಯ ವೈರು, ತುಕ್ಕು ಹಿಡಿದ ಅರ್ಥಿಂಗ್‌ನಿಂದ ಬಲ್ಬಿಗೆ ತಲುಪುವ ವೋಲ್ಟೇಜ್ ಕುಸಿದಿದ್ದರೆ ಎಷ್ಟು ಒಳ್ಳೆಯ ಬಲ್ಬ್ ಹಾಕಿದರೂ ಅದು ಮಂಕಾಗಿಯೇ ಉರಿಯುತ್ತದೆ. ಹೆಡ್‌ಲೈಟಿಗೆ ಪ್ರತ್ಯೇಕ ರಿಲೇ ಮತ್ತು ದಪ್ಪ ವೈರು ಹಾಕಿಸಿದ ಮೇಲೆ ಹೆಚ್ಚುವರಿ ದೀಪದ ಮಾತನ್ನೇ ಬಿಟ್ಟುಬಿಡಬಹುದು.

ಹೆಚ್ಚಿನ ಪಿಕಪ್‌ಗಳಲ್ಲಿರುವ ಎಚ್4 ಹ್ಯಾಲೋಜನ್ ಬಲ್ಬ್ 60/55 ವ್ಯಾಟಿನದು. ಅದರ ಜಾಗದಲ್ಲಿ 100/90 ವ್ಯಾಟಿನ ಬಲ್ಬ್ ಹಾಕಿದರೆ ಹೋಲ್ಡರ್ ಕರಗಿ ವೈರು ಸುಡುವುದು ಗ್ಯಾರೇಜಿನವರು ಆಗಾಗ ಕಾಣುವ ಸಂಗತಿ. ಹ್ಯಾಲೋಜನ್‌ಗಾಗಿ ರೂಪಿಸಿದ ಹೆಡ್‌ಲೈಟಿನೊಳಗೆ ಎಲ್‌ಇಡಿ ಬಲ್ಬ್ ತೂರಿಸುವುದು ಇನ್ನೂ ಕೆಟ್ಟದ್ದು. ಬೆಳಕು ಹೊಮ್ಮುವ ಬಿಂದು ತಂತುವಿನ ಜಾಗದಲ್ಲಿ ಕರಾರುವಾಕ್ಕಾಗಿ ಇಲ್ಲದಿದ್ದರೆ ಡಿಮ್ ಬೆಳಕಿನ ಮೇಲಂಚು ಒಡೆದು ನಾಲ್ಕೂ ದಿಕ್ಕಿಗೆ ಚೆಲ್ಲುತ್ತದೆ. ಒಳಗೆ ಕುಳಿತವನಿಗೆ ಬೆಳಕು ಹೆಚ್ಚಿದಂತೆ ತೋರುವುದು ನಿಜ, ಆದರೆ ಹೆಚ್ಚಿರುವುದು ಬಾನೆಟ್ಟಿನ ಮುಂದಿನ ಹತ್ತು ಮೀಟರಿನಲ್ಲಿ.

ಕೊಳ್ಳುವುದಾದರೆ ಯಾವುದು?

ಜಿಲ್ಲೆಯ ರಸ್ತೆಗಳಿಗೆ ಹೊಂದುವಂಥದ್ದು ಒಂದು ಜೊತೆ ಮಂಜುದೀಪ, ಅಂದರೆ ಫಾಗ್ ಲ್ಯಾಂಪ್. ಅದರ ಬೆಳಕು ಅಗಲವಾಗಿ, ನೆಲಕ್ಕೆ ಹತ್ತಿರವಾಗಿ ಹರಡುತ್ತದೆ; ಮೇಲಂಚು ಚಾಕುವಿನಿಂದ ಕೊಯ್ದಂತೆ ನಿಲ್ಲುತ್ತದೆ. ಗುಂಡಿಯ ಅಂಚು, ರಸ್ತೆಯ ಬದಿ, ತಿರುವಿನ ಒಳಮೂಲೆ ಎಲ್ಲವೂ ಕಾಣುತ್ತವೆ. ಯುರೋಪಿನ ನಿಯಮದ ಪ್ರಕಾರ ಸಣ್ಣ ಪಿಕಪ್‌ನಂತಹ ವಾಹನಗಳಲ್ಲಿ ಇದು ನೆಲದಿಂದ 250ರಿಂದ 800 ಮಿಲಿಮೀಟರ್ ಎತ್ತರದೊಳಗೆ ಇರಬೇಕು. ದೂಳಿನಲ್ಲಿ ಈ ತಗ್ಗಿನ ಮಹತ್ವ ಗೊತ್ತಾಗುತ್ತದೆ. ಚಾಲಕನ ಕಣ್ಣಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ದೀಪವಿದ್ದರೆ ದೂಳಿನ ಕಣಗಳಿಗೆ ಬಡಿದ ಬೆಳಕು ನೇರವಾಗಿ ಅವನ ಕಣ್ಣಿಗೇ ಮರಳುತ್ತದೆ. ನೆತ್ತಿಯ ಪಟ್ಟಿ ಬಾನೆಟ್ಟಿನ ಮೇಲೂ ಬಿದ್ದು ಹೊಳೆಯುತ್ತದೆ. ಕ್ವಾರಿಯ ದಾರಿಯಲ್ಲಿ ಮುಂದೆ ಒಂದು ಲಾರಿ ಹೋದ ಮೇಲೆ ಪಟ್ಟಿಯನ್ನು ಹೊತ್ತಿಸಿ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಹಳದಿ ಬೆಳಕು ದೂಳನ್ನು ಸೀಳುತ್ತದೆ ಎಂಬ ಮಾತನ್ನು ಪೂರ್ತಿ ನಂಬುವಂತಿಲ್ಲ. ದೂಳಿನ, ಮಂಜಿನ ಕಣಗಳ ಗಾತ್ರಕ್ಕೆ ಬಣ್ಣದಿಂದ ಆಗುವ ವ್ಯತ್ಯಾಸ ಅತ್ಯಲ್ಪ. ನೀಲಿಛಾಯೆಯ ಬಿಳಿಗಿಂತ ಹಳದಿ ಕಣ್ಣಿಗೆ ಹಿತ ಎಂಬುದು ಮಾತ್ರ ನಿಜ. 6,000 ಕೆಲ್ವಿನ್‌ಗಿಂತ ಮೇಲಿನ ನೀಲಿ ಬೆಳಕನ್ನು ಯಾವ ಕಾರಣಕ್ಕೂ ಕೊಳ್ಳುವುದು ಬೇಡ.

ಪೆಟ್ಟಿಗೆಯ ಮೇಲೆ ಮುದ್ರಿಸಿದ ವ್ಯಾಟ್, ಲುಮೆನ್ ಸಂಖ್ಯೆಗಳ ಬಗ್ಗೆ ಎಚ್ಚರವಿರಲಿ. ಎಚ್4 ಬಲ್ಬ್ ಡಿಮ್‌ನಲ್ಲಿ ಕೊಡುವುದೇ ಸುಮಾರು 1,000 ಲುಮೆನ್, ಹೈಬೀಮ್‌ನಲ್ಲಿ 1,650. ಅಂಗೈ ಅಗಲದ ದೀಪಕ್ಕೆ ಹತ್ತಾರು ಸಾವಿರ ಲುಮೆನ್ ಎಂದು ಬರೆದಿದ್ದರೆ ಅನುಮಾನ ಸಹಜ. ಅಂಗಡಿಯಲ್ಲಿಯೇ ಕ್ಲ್ಯಾಂಪ್ ಮೀಟರ್ ಹಿಡಿಸಿ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ನೋಡಿ, ಅದನ್ನು ವೋಲ್ಟೇಜಿನಿಂದ ಗುಣಿಸಿದರೆ ನಿಜವಾದ ವ್ಯಾಟ್ ಸಿಗುತ್ತದೆ. 12 ವೋಲ್ಟಿನಲ್ಲಿ 3 ಆಂಪಿಯರ್ ಎಳೆಯುವ ದೀಪ 36 ವ್ಯಾಟಿನದೇ. ಪೆಟ್ಟಿಗೆ 180 ಎಂದರೂ ಅಷ್ಟೇ.

ಗಾಜಿನ ಮೇಲಿನ ಗುರುತನ್ನು ಓದುವುದು ಲೇಸು. ವೃತ್ತದೊಳಗೆ ‘ಇ’ ಅಕ್ಷರ ಮತ್ತು ಒಂದು ಸಂಖ್ಯೆ ಇದ್ದರೆ ಅದು ಯುರೋಪಿನ ಅನುಮೋದನೆಯ ಮುದ್ರೆ. ಅದರೊಂದಿಗೆ ‘ಬಿ’ ಅಥವಾ ‘ಎಫ್3’ ಎಂದಿದ್ದರೆ ಮುಂಭಾಗದ ಮಂಜುದೀಪ, ‘ಎಚ್‌ಆರ್’ ಎಂದಿದ್ದರೆ ಹ್ಯಾಲೋಜನ್ ಹೈಬೀಮ್. ಯಾವ ಗುರುತೂ ಇಲ್ಲದ ದೀಪದ ಬೆಳಕು ಎಲ್ಲಿ ಬೀಳುತ್ತದೆ ಎಂಬುದನ್ನು ಯಾರೂ ಅಳೆದಿರುವುದಿಲ್ಲ. ದೂಳು-ನೀರಿನ ರಕ್ಷಣೆಗೆ ‘ಐಪಿ67’ ದರ್ಜೆ ಸಾಕು: ದೂಳು ಒಳಸೇರದು, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ.

ವೈರಿಂಗ್ ಮತ್ತು ಹೊರೆ

55 ವ್ಯಾಟಿನ ಎರಡು ದೀಪಗಳು ಸುಮಾರು 9 ಆಂಪಿಯರ್ ಎಳೆಯುತ್ತವೆ. ಇದನ್ನು ನೇರವಾಗಿ ಡ್ಯಾಶ್‌ಬೋರ್ಡಿನ ಸ್ವಿಚ್ಚಿಗೆ ಕೊಡಬಾರದು. ಬ್ಯಾಟರಿಯಿಂದ 15 ಆಂಪಿಯರ್ ಫ್ಯೂಸ್, ಅಲ್ಲಿಂದ ರಿಲೇಯ 30ನೇ ಕಾಲು, 87ರಿಂದ ದೀಪಕ್ಕೆ ಎರಡೂವರೆ ಚದರ ಮಿ.ಮೀ. ವೈರು, ಸ್ವಿಚ್ಚಿಗೆ ಸೇರುವುದು 85 ಮತ್ತು 86 ಮಾತ್ರ. ಫ್ಯೂಸ್ ಬ್ಯಾಟರಿಗೆ ಆದಷ್ಟು ಹತ್ತಿರವಿರಬೇಕು. ದೀಪದ ಬಳಿ ಫ್ಯೂಸ್ ಇಟ್ಟು, ಬ್ಯಾಟರಿಯಿಂದ ಅಲ್ಲಿಯವರೆಗಿನ ವೈರು ತಗಡಿಗೆ ಉಜ್ಜಿದರೆ ಬೆಂಕಿಯನ್ನು ಯಾವುದೂ ತಡೆಯದು.

ಕೊನೆಯದಾಗಿ ದೀಪದ ಕೋನ. ಖಾಲಿ ಪಿಕಪ್‌ನಲ್ಲಿ ಹೊಂದಿಸಿದ ದೀಪ, ಹೊರೆ ಹೇರಿದಾಗ ಆಕಾಶ ನೋಡುತ್ತದೆ. ಚಕ್ರಗಳ ನಡುವೆ 3.2 ಮೀಟರ್ ಅಂತರವಿರುವ ವಾಹನದ ಹಿಂಭಾಗ ಹೊರೆಯಿಂದ 10 ಸೆಂಟಿಮೀಟರ್ ಕುಸಿದರೆ, 50 ಮೀಟರ್ ದೂರದಲ್ಲಿ ಬೆಳಕು ಸುಮಾರು ಒಂದೂವರೆ ಮೀಟರ್ ಮೇಲೇರುತ್ತದೆ. ಸಮತಟ್ಟಾದ ಜಾಗದಲ್ಲಿ ಗೋಡೆಯಿಂದ 8 ಮೀಟರ್ ದೂರ ನಿಲ್ಲಿಸಿ, ಎಂದಿನ ಹೊರೆ ಹೇರಿಯೇ ಡಿಮ್ ಬೆಳಕಿನ ಮೇಲಂಚು ದೀಪದ ಎತ್ತರಕ್ಕಿಂತ 8 ಸೆಂಟಿಮೀಟರ್ ಕೆಳಗೆ ಬೀಳುವಂತೆ ಹೊಂದಿಸಬೇಕು. ಹೆಡ್‌ಲೈಟಿನ ಕೋನ ತಗ್ಗಿಸುವ ಗಾಲಿಗುಂಡಿ ಡ್ಯಾಶ್‌ಬೋರ್ಡಿನಲ್ಲಿದ್ದರೆ ಅದನ್ನು ಬಳಸಬಹುದು. ಆದರೆ ಹೊರಗಿನಿಂದ ಹಾಕಿಸಿದ ದೀಪಕ್ಕೆ ಅಂತಹ ಗುಂಡಿ ಇರುವುದಿಲ್ಲವಾದ್ದರಿಂದ, ಹೊರೆ ಹೇರಿದ ಸ್ಥಿತಿಯಲ್ಲಿಯೇ ಅದರ ಬೋಲ್ಟು ಬಿಗಿಸಬೇಕು.