ಓದಿನಿಂದ ಕೆಲಸಕ್ಕೆ: ಕವಲೊಡೆಯುವ ಹಾದಿಗಳು

ಮಂಗಳೂರಿನಿಂದ ಹೊರಡುವ ಮಾವೇಲಿ, ಮಲಬಾರ್ ಎಕ್ಸ್‌ಪ್ರೆಸ್ ರೈಲುಗಳು ಕಾಸರಗೋಡು ದಾಟಿ, ರಾತ್ರಿಯಿಡೀ ಕೇರಳದ ಉದ್ದಕ್ಕೆ ಓಡಿ, ಎರ್ನಾಕುಳಂ ಮೇಲೆ ಹಾದು ಬೆಳಗ್ಗೆ ತಿರುವನಂತಪುರ ಮುಟ್ಟುತ್ತವೆ. ಕಾಸರಗೋಡಿನ ಕನ್ನಡ ಮನೆಗಳ ಮಕ್ಕಳ ವಿದ್ಯೆಯ ಕತೆಯನ್ನು ಈ ರೈಲುದಾರಿಯೇ ಅರ್ಧ ಹೇಳುತ್ತದೆ. ಕಾಲೇಜಿಗೆ ಹೋಗಬೇಕೆಂದರೆ ಐವತ್ತು ಕಿಲೋಮೀಟರ್ ಆಸುಪಾಸಿನಲ್ಲೇ ಇರುವ ಮಂಗಳೂರು ಹತ್ತಿರ. ಆದರೆ ರಾಜ್ಯ ಸರ್ಕಾರದ ಕೆಲಸ ತೀರ್ಮಾನವಾಗುವುದು ತಿರುವನಂತಪುರದ ಪಟ್ಟಂನಲ್ಲಿರುವ ಕೇರಳ ಲೋಕಸೇವಾ ಆಯೋಗದ ಕಚೇರಿಯಲ್ಲಿ. ಹಡಗು ಕಟ್ಟುವ ಕೆಲಸ, ಇನ್ಫೋಪಾರ್ಕಿನ ಐಟಿ ಕೆಲಸ ಬೇಕೆಂದರೆ ಕೊಚ್ಚಿ. ಓದುವ ಊರು ಒಂದು, ದುಡಿಯುವ ಊರು ಇನ್ನೊಂದು, ಇವೆರಡನ್ನೂ ಜೋಡಿಸುವ ನಿಯಮಗಳು ಬರೆಯಲ್ಪಡುವ ಊರು ಮತ್ತೊಂದು. ಈ ಅಧ್ಯಾಯದಲ್ಲಿ ನಾವು ನೋಡುವುದು ಆ ನಿಯಮಗಳನ್ನು.

ಮೊದಲಿಗೆ ಹೆಸರುಗಳನ್ನು ಬೇಗ ಮುಗಿಸೋಣ. ಹನ್ನೆರಡನೆಯ ತರಗತಿಯ ಮೇಲಿನ ಓದು ಉನ್ನತ ಶಿಕ್ಷಣ. ಹನ್ನೆರಡರ ಆ ಮೆಟ್ಟಿಲಿಗೆ ಕರ್ನಾಟಕದಲ್ಲಿ ಪಿಯುಸಿ, ಕೇರಳದಲ್ಲಿ ಪ್ಲಸ್ ಟು ಎನ್ನುತ್ತಾರೆ. ಬಿಎ, ಬಿಎಸ್‌ಸಿ, ಬಿಕಾಂ ಸಾಮಾನ್ಯ ಪದವಿಗಳು. ವೈದ್ಯಕೀಯ, ಎಂಜಿನಿಯರಿಂಗ್, ಕಾನೂನು, ನರ್ಸಿಂಗ್ ವೃತ್ತಿ ಪದವಿಗಳು. ಐಟಿಐ ಮತ್ತು ಡಿಪ್ಲೊಮಾಗಳಿಗೆ ಎಸ್ಸೆಸ್ಸೆಲ್ಸಿ ಮುಗಿಸಿಯೇ ಸೇರಬಹುದು. ಡಿಪ್ಲೊಮಾ ಮುಗಿಸಿದವರು ಲ್ಯಾಟರಲ್ ಎಂಟ್ರಿಯಲ್ಲಿ ನೇರವಾಗಿ ಎಂಜಿನಿಯರಿಂಗ್ ಎರಡನೆಯ ವರ್ಷಕ್ಕೆ ಹೋಗಬಹುದು. ಕೊಚ್ಚಿಯ ಹಡಗುಕಟ್ಟೆಯಲ್ಲಿ ಈ ಎಲ್ಲ ದಾರಿಗಳೂ ಒಂದೇ ಕಡೆ ಬಂದು ಸೇರುವುದನ್ನು ಕಾಣಬಹುದು. 2022ರ ಸೆಪ್ಟೆಂಬರ್ 2ರಂದು ನೌಕಾಪಡೆಗೆ ಸೇರಿದ ವಿಮಾನವಾಹಕ ನೌಕೆ ವಿಕ್ರಾಂತ್ ಕಟ್ಟಿದ್ದು ಅಲ್ಲಿಯೇ. ಅಂಥ ಹಡಗಿಗೆ ನಕ್ಷೆ ಹಾಕುವ ನೌಕಾ ವಿನ್ಯಾಸಕರೂ ಬೇಕು, ಡಿಪ್ಲೊಮಾ ಓದಿದ ಮೇಲ್ವಿಚಾರಕರೂ ಬೇಕು, ಉಕ್ಕಿನ ತಟ್ಟೆಗಳನ್ನು ಬೆಸೆಯುವ ಐಟಿಐ ವೆಲ್ಡರುಗಳೂ ಬೇಕು. ನೀರೊಳಗಿನ ಬೆಸುಗೆ ಬಿರುಕು ಬಿಟ್ಟರೆ ಮೇಲಿನವರ ಪದವಿ ಯಾವುದಾಗಿದ್ದರೂ ಪ್ರಯೋಜನವಿಲ್ಲ. ಇದನ್ನು ಪಾಠ ಮಾಡುವಾಗಲೆಲ್ಲ ಒತ್ತಿ ಹೇಳುತ್ತೇನೆ, ಏಕೆಂದರೆ ನಮ್ಮ ಮನೆಗಳಲ್ಲಿ ಐಟಿಐ ಎಂಬುದನ್ನು ಅಂಕ ಕಡಿಮೆ ಬಂದವರ ಪಾಡು ಎಂದೇ ಲೆಕ್ಕ ಹಾಕುತ್ತಾರೆ.

ಈಗ ಎಲ್ಲರೂ ಎಡವುವ ಜಾಗಕ್ಕೆ ಬರೋಣ. ಹದಿನೇಳನೆಯ ವಯಸ್ಸಿನಲ್ಲಿ ಯಾವ ಸೀಟು ಸಿಕ್ಕಿತೋ ಅದೇ ಬದುಕಿನ ಉದ್ದಕ್ಕೂ ನಡೆಯಬೇಕಾದ ದಾರಿ ಎಂಬ ನಂಬಿಕೆ ಬಹಳ ಗಟ್ಟಿ. ಪಾಲಕರು ನಂಬುತ್ತಾರೆ, ಮಕ್ಕಳು ಹೆದರುತ್ತಾರೆ, ಕೋಚಿಂಗ್ ನಡೆಸುವವರಿಗೆ ಅದೇ ಬಂಡವಾಳ. ತಿರುವನಂತಪುರದ ನಂಟಿರುವ ಇಬ್ಬರ ಓದಿನ ಚರಿತ್ರೆಯನ್ನು ಸಾವಧಾನವಾಗಿ ನೋಡಿದರೆ ಈ ನಂಬಿಕೆ ಎಲ್ಲಿ ತಪ್ಪು, ಎಲ್ಲಿ ಅರ್ಧ ಸರಿ ಎಂಬುದು ತಿಳಿಯುತ್ತದೆ.

ಎಂ.ಎಸ್. ಸ್ವಾಮಿನಾಥನ್ ಅವರನ್ನು ಹಸಿರು ಕ್ರಾಂತಿಯ ಹೆಸರಿನೊಂದಿಗೆ ಎಲ್ಲರೂ ಬಲ್ಲರು. ಅವರು ಮೊದಲು ಪದವಿ ಪಡೆದದ್ದು ತಿರುವನಂತಪುರದ ಮಹಾರಾಜಾಸ್ ಕಾಲೇಜಿನಲ್ಲಿ, ಪ್ರಾಣಿಶಾಸ್ತ್ರದಲ್ಲಿ. ತಂದೆ ವೈದ್ಯರು, ಮಗನೂ ವೈದ್ಯನಾಗಲಿ ಎಂಬುದು ಮನೆಯವರ ಆಸೆ. 1943ರ ಬಂಗಾಳದ ಬರ ಆ ಹುಡುಗನ ಮನಸ್ಸನ್ನು ಬೇಸಾಯದ ಕಡೆಗೆ ತಿರುಗಿಸಿತು. ಒಂದು ಪದವಿ ಕೈಯಲ್ಲಿದ್ದಾಗಲೇ ಅವರು ಕೊಯಮತ್ತೂರಿನ ಕೃಷಿ ಕಾಲೇಜಿಗೆ ಹೋಗಿ ಇನ್ನೊಂದು ಪದವಿಗೆ ಮೊದಲಿನಿಂದ ಕುಳಿತರು. ದಿಲ್ಲಿಯಲ್ಲಿ ಸ್ನಾತಕೋತ್ತರ ಓದು ಮುಗಿಯುವ ಹೊತ್ತಿಗೆ ಇನ್ನೊಂದು ಕವಲು ಎದುರಾಯಿತು: ಕೇಂದ್ರದ ಸೇವಾ ಪರೀಕ್ಷೆಯಲ್ಲಿ ಪೊಲೀಸ್ ಸೇವೆಗೆ ಆಯ್ಕೆಯಾದರು, ಅದೇ ಹೊತ್ತಿಗೆ ನೆದರ್‌ಲ್ಯಾಂಡ್ಸಿನಲ್ಲಿ ಸಂಶೋಧನೆ ಮಾಡಲು ಯುನೆಸ್ಕೊ ಫೆಲೋಶಿಪ್ಪೂ ಸಿಕ್ಕಿತು. ಅವರು ಫೆಲೋಶಿಪ್ ಹಿಡಿದರು. 1952ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್. ಇಂದಿನ ಮನೆಯೊಂದರಲ್ಲಿ ಮಗಳೊಬ್ಬಳು ಬಿಎಸ್‌ಸಿ ಮುಗಿಸಿ ಮತ್ತೆ ಬಿಎಸ್‌ಸಿಗೇ ಸೇರುತ್ತೇನೆ ಎಂದರೆ ಏನಾದೀತು ಎಂದು ಯೋಚಿಸಿ ನೋಡಿ.

ಅನ್ನಾ ಮಣಿ ಅವರ ದಾರಿ ಇನ್ನೂ ಪಾಠಭರಿತ. ನನಗೆ ಇದರಷ್ಟು ಇಷ್ಟವಾದ ಉದಾಹರಣೆ ಬೇರೊಂದಿಲ್ಲ, ಕನ್ನಡನಾಡಿಗೂ ಇದು ತೀರ ಹತ್ತಿರದ್ದು. 1918ರಲ್ಲಿ ತಿರುವಾಂಕೂರಿನ ಪೀರ್ಮೇಡಿನಲ್ಲಿ ಹುಟ್ಟಿದ ಅವರು 1939ರಲ್ಲಿ ಮದ್ರಾಸಿನಲ್ಲಿ ಬಿಎಸ್‌ಸಿ ಆನರ್ಸ್ ಪಡೆದು, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸಿ.ವಿ. ರಾಮನ್ ಅವರ ಪ್ರಯೋಗಾಲಯದಲ್ಲಿ ವಜ್ರ ಮತ್ತು ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಭ್ಯಾಸ ಮಾಡಿದರು. 1942ರಿಂದ 1945ರೊಳಗೆ ಐದು ಸಂಶೋಧನಾ ಲೇಖನಗಳು ಅಚ್ಚಾದವು. ಪ್ರಬಂಧ ಬರೆದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದಾಗ, ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣಕ್ಕೆ ಡಾಕ್ಟರೇಟ್ ಕೊಡಲಿಲ್ಲ. ಕೆಲಸದಲ್ಲಿ ಕೊರತೆ ಇರಲಿಲ್ಲ. ಅರ್ಹತೆಯ ಪಟ್ಟಿಯಲ್ಲಿ ಒಂದು ಸಾಲು ತಪ್ಪಿತ್ತು. ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಈಗಲೂ ಇದೆ.

ಆಮೇಲೆ ಅವರು ಭೌತಶಾಸ್ತ್ರ ಓದುವ ಆಸೆಯಿಂದ ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೋದರು. ಅಲ್ಲಿ ಅವರಿಗೆ ದೊರೆತದ್ದು ಹವಾಮಾನದ ಉಪಕರಣಗಳ ತರಬೇತಿ. 1948ರಲ್ಲಿ ಹಿಂದಿರುಗಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆ ಸೇರಿದರು. ಮಳೆ, ಗಾಳಿ, ಬಿಸಿಲು ಅಳೆಯುವ ಉಪಕರಣಗಳನ್ನು ವಿದೇಶದಿಂದ ತರಿಸಿಕೊಳ್ಳುತ್ತಿದ್ದ ದೇಶದಲ್ಲಿ, ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಒಂದು ಮಾನಕಕ್ಕೆ ತಂದು ಇಲ್ಲಿಯೇ ತಯಾರಾಗುವಂತೆ ಮಾಡಿದರು. ತಿರುವನಂತಪುರದ ಪಕ್ಕದ ತುಂಬಾ ಎಂಬ ಊರಿನ ರಾಕೆಟ್ ಉಡಾವಣಾ ಕೇಂದ್ರದಿಂದ 1963ರ ನವೆಂಬರ್ 21ರಂದು ಮೊದಲ ರಾಕೆಟ್ ಹಾರಿತು. ಆ ಕೇಂದ್ರದ ಹವಾಮಾನ ವೀಕ್ಷಣಾಲಯ ಮತ್ತು ಉಪಕರಣ ಗೋಪುರವನ್ನು ವಿಕ್ರಂ ಸಾರಾಭಾಯಿ ಅವರ ಕೋರಿಕೆಯ ಮೇರೆಗೆ ನಿಲ್ಲಿಸಿದವರು ಅನ್ನಾ ಮಣಿ. ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದ ಮೇಲೆ ಮತ್ತೆ ಬೆಂಗಳೂರಿಗೆ ಬಂದು ಗಾಳಿಯ ವೇಗ, ಸೂರ್ಯಶಕ್ತಿ ಅಳೆಯುವ ಉಪಕರಣಗಳ ಸಣ್ಣ ಕಾರ್ಖಾನೆ ನಡೆಸಿದರು. ಭಾರತದ ಗಾಳಿವಿದ್ಯುತ್ತಿನ ಲೆಕ್ಕಾಚಾರಗಳಿಗೆ ಅವರ ಅಳತೆಗಳು ಅಡಿಪಾಯ. 2001ರಲ್ಲಿ ತಿರುವನಂತಪುರದಲ್ಲಿ ತೀರಿಕೊಂಡರು.

ಎರಡೂ ಬದುಕುಗಳಲ್ಲಿ ಆಯ್ಕೆ ಒಮ್ಮೆಗೇ ಮುಗಿಯಲಿಲ್ಲ. ಹದಿನೇಳರಲ್ಲಿ ಹಿಡಿದದ್ದು ಮೂವತ್ತರಲ್ಲಿ ಬೇರೆಯಾಯಿತು. ನಂಬಿಕೆ ತಪ್ಪುವುದು ಇಲ್ಲಿ. ಆದರೆ ಅನ್ನಾ ಮಣಿಯವರಿಗೆ ಮುಚ್ಚಿದ ಬಾಗಿಲು ಪ್ರತಿಭೆಯಿಂದ ತೆರೆಯಲಿಲ್ಲ. ಅದು ನಿಯಮದ ಬಾಗಿಲು, ನಿಯಮ ಬದಲಾದರೆ ಮಾತ್ರ ತೆರೆಯುವಂಥದ್ದು. ನಂಬಿಕೆ ಅರ್ಧ ಸರಿಯಾಗುವುದು ಇಲ್ಲಿ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಗಳ ಪ್ರಕಾರ ನಾಲ್ಕು ವರ್ಷದ ಪದವಿಯಲ್ಲಿ ಶೇ 75 ಅಂಕ ಪಡೆದವರು ಎಂಎಸ್‌ಸಿ ಇಲ್ಲದೆಯೇ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024ರ ಜುಲೈಯಿಂದ ನಾಲ್ಕು ವರ್ಷದ ಪದವಿ ಜಾರಿಯಲ್ಲಿದೆ. ಮೂರನೆಯ ವರ್ಷಕ್ಕೆ ಪದವಿ ಪಡೆದು ಹೊರಬರುವ ಅವಕಾಶವೂ ಉಂಟು. ಕರ್ನಾಟಕ 2021–22ರಲ್ಲಿ ನಾಲ್ಕು ವರ್ಷದ ಪದ್ಧತಿಗೆ ಹೋಗಿ, 2024–25ರಲ್ಲಿ ಮೂರು ವರ್ಷಕ್ಕೆ ಮರಳಿತು. ಅಂದರೆ ಗಡಿಯ ಈಚೆ ಮತ್ತು ಆಚೆ ಒಂದೇ ವರ್ಷ ಬಿಎಸ್‌ಸಿಗೆ ಸೇರಿದ ಇಬ್ಬರು ಗೆಳತಿಯರಿಗೆ ಮುಂದಿನ ಕವಲುಗಳು ಬೇರೆ ಬೇರೆ. ಯಾವುದು ಮೇಲು ಎಂಬ ಚರ್ಚೆ ಇನ್ನೊಂದು ದಿನಕ್ಕಿರಲಿ. ಸೇರುವ ದಿನವೇ ಈ ವ್ಯತ್ಯಾಸವನ್ನು ಮಕ್ಕಳಿಗೆ ಯಾರಾದರೂ ಕೂರಿಸಿ ಹೇಳಬೇಕು ಎಂಬುದು ನನ್ನ ಆಗ್ರಹ.

ಬಾಗಿಲುಗಳಲ್ಲಿ ಇನ್ನೊಂದು ಬಗೆಯಿದೆ: ತೆರೆದಿರುತ್ತದೆ, ಆದರೆ ಒಳಗೆ ಬಿಡುವುದು ನಿಧಾನ. ಕೇರಳ ಲೋಕಸೇವಾ ಆಯೋಗದ ರ‍್ಯಾಂಕ್ ಪಟ್ಟಿ ಇದಕ್ಕೆ ಒಳ್ಳೆಯ ನಿದರ್ಶನ. ಕರ್ನಾಟಕದ ಓದುಗರಿಗೆ ಮೊದಲ ಸಲ ಇದು ಗೊಂದಲ ತರುತ್ತದೆ. ನಮ್ಮಲ್ಲಿ ಇಷ್ಟು ಹುದ್ದೆ ಎಂದು ಅಧಿಸೂಚನೆಯಲ್ಲೇ ಎಣಿಸಿ ಹೇಳುವುದು ರೂಢಿ. ಕೇರಳದ ಅನೇಕ ಅಧಿಸೂಚನೆಗಳಲ್ಲಿ ಹುದ್ದೆಗಳ ಸಂಖ್ಯೆಯ ಜಾಗದಲ್ಲಿ ‘ನಿರೀಕ್ಷಿತ’ ಎಂದಷ್ಟೇ ಇರುತ್ತದೆ. ಪರೀಕ್ಷೆ ನಡೆದು ರ‍್ಯಾಂಕ್ ಪಟ್ಟಿ ಪ್ರಕಟವಾಗುತ್ತದೆ. ಅದರ ಆಯುಸ್ಸು ಕನಿಷ್ಠ ಒಂದು ವರ್ಷ. ಹೊಸ ಪಟ್ಟಿ ಬರುವವರೆಗೆ ಉಳಿದರೂ ಸಾಮಾನ್ಯವಾಗಿ ಮೂರು ವರ್ಷಕ್ಕಿಂತ ಹೆಚ್ಚಿಲ್ಲ. ಆ ಅವಧಿಯಲ್ಲಿ ಇಲಾಖೆಗಳು ಖಾಲಿ ಜಾಗಗಳನ್ನು ತಿಳಿಸಿದಂತೆಲ್ಲ ಆಯೋಗ, ಸಾಮಾನ್ಯ ಅರ್ಹತೆ ಮತ್ತು ಮೀಸಲಾತಿಯ ಸರದಿಯ ಪ್ರಕಾರ, ಪಟ್ಟಿಯಿಂದ ಒಬ್ಬೊಬ್ಬರನ್ನೇ ಶಿಫಾರಸು ಮಾಡುತ್ತದೆ. ಆ ಶಿಫಾರಸು ಪತ್ರಕ್ಕೆ ಅಲ್ಲಿನವರು ‘ಅಡ್ವೈಸ್’ ಎನ್ನುತ್ತಾರೆ. ಶಿಫಾರಸಾದವರು ಕೆಲಸಕ್ಕೆ ಸೇರದಿದ್ದರೆ ಆ ಜಾಗವನ್ನು ಮತ್ತೆ ಪಟ್ಟಿಯಿಂದಲೇ ತುಂಬುತ್ತಾರೆ.

ಹಾಗಾಗಿ ರ‍್ಯಾಂಕ್ ಬಂದಿದೆ ಎಂದ ಮಾತ್ರಕ್ಕೆ ಕೆಲಸ ಬಂದಿದೆ ಎಂದಲ್ಲ. ಇಲಾಖೆ ಖಾಲಿ ಜಾಗವನ್ನು ತಿಳಿಸದಿದ್ದರೆ, ಅಥವಾ ತಾತ್ಕಾಲಿಕ ನೌಕರರಿಂದಲೇ ಕೆಲಸ ಸಾಗಿಸಿದರೆ, ಪಟ್ಟಿಯಲ್ಲಿರುವವರ ದಿನಗಳು ಕರಗುತ್ತವೆ. ಪಟ್ಟಿ ಸತ್ತ ದಿನ ಅವರ ರ‍್ಯಾಂಕೂ ಹೋಗುತ್ತದೆ. 2021ರ ಫೆಬ್ರವರಿಯಲ್ಲಿ ರ‍್ಯಾಂಕ್ ಪಡೆದ ಯುವಕ ಯುವತಿಯರು ತಿರುವನಂತಪುರದ ಸಚಿವಾಲಯದ ಮುಂದೆ ಧರಣಿ ಕುಳಿತದ್ದಕ್ಕೆ ಈ ಯಂತ್ರವೇ ಕಾರಣ. ಕಾಸರಗೋಡಿನ ಕನ್ನಡಿಗರಿಗೆ ಕನ್ನಡ ಬಲ್ಲವರಿಗೆಂದೇ ಇರುವ ಗುಮಾಸ್ತ ಹುದ್ದೆಗಳೂ ಕನ್ನಡ ಮಾಧ್ಯಮದ ಶಿಕ್ಷಕ ಹುದ್ದೆಗಳೂ ಇದೇ ಯಂತ್ರದಿಂದ ಬರಬೇಕು. ಅಲ್ಲಿ ಹುದ್ದೆಗಳು ಕಡಿಮೆ, ಆದ್ದರಿಂದ ಸರದಿ ಇನ್ನೂ ನಿಧಾನ.

ಇಷ್ಟು ತಿಳಿದ ಮೇಲೆ ನಿರುದ್ಯೋಗದ ಅಂಕಿಯನ್ನು ಓದುವ ರೀತಿಯೂ ಬದಲಾಗುತ್ತದೆ. ಕೇಂದ್ರದ ಕಾರ್ಮಿಕ ಸಮೀಕ್ಷೆಯ 2023–24ರ ವರದಿಯಲ್ಲಿ ಕೇರಳದ 15ರಿಂದ 29 ವಯಸ್ಸಿನವರ ನಿರುದ್ಯೋಗ ಶೇ 30ರ ಸಮೀಪವಿತ್ತು. ಹತ್ತು ಜನ ಯುವಕರಲ್ಲಿ ಮೂವರು ಸುಮ್ಮನೆ ಕುಳಿತಿದ್ದಾರೆ ಎಂದು ಇದನ್ನು ಓದುವುದು ತಪ್ಪು. ಕೆಲಸ ಮಾಡದೆ, ಹುಡುಕದೆ ಕಾಲೇಜಿನಲ್ಲಿ ಓದುತ್ತಿರುವವರು ಈ ಲೆಕ್ಕದಲ್ಲಿ ಬರುವುದೇ ಇಲ್ಲ. ಕೆಲಸದಲ್ಲಿರುವವರು ಮತ್ತು ಕೆಲಸ ಹುಡುಕುತ್ತಿರುವವರು, ಇವರಿಬ್ಬರನ್ನು ಕೂಡಿಸಿದ ಗುಂಪಿನಲ್ಲಿ ಹುಡುಕುತ್ತಿರುವವರ ಪಾಲು ಎಷ್ಟು ಎಂಬುದೇ ಈ ಶೇಕಡಾ. ಹೆಚ್ಚು ಮಂದಿ ಹೆಚ್ಚು ಕಾಲ ಓದುವ ನಾಡಿನಲ್ಲಿ ಈ ಭಾಗಾಕಾರದ ಕೆಳಗಿನ ಸಂಖ್ಯೆ, ಅಂದರೆ ಆ ಇಡೀ ಗುಂಪು, ಚಿಕ್ಕದಾಗುತ್ತದೆ. ಓದಿಗೆ ತಕ್ಕ ಕೆಲಸಕ್ಕಾಗಿ, ಪಟ್ಟಿಯ ಸರದಿಗಾಗಿ ಕಾಯುವವರು ಮೇಲಿನ ಸಂಖ್ಯೆಯನ್ನು ಹಿಗ್ಗಿಸುತ್ತಾರೆ. ಕಷ್ಟ ನಿಜ, ಅದರಲ್ಲೂ ಓದಿದ ಹೆಣ್ಣುಮಕ್ಕಳ ಕಷ್ಟ ಬಹಳ ದೊಡ್ಡದು. ಆದರೆ ಆ ಕಷ್ಟದ ಹೆಸರು ಸೋಮಾರಿತನವಲ್ಲ, ಕಾಯುವಿಕೆ.

ಕಾಯಲಾಗದವರು ಹೊರಡುತ್ತಾರೆ. ನರ್ಸಿಂಗ್ ಇದರ ದೊಡ್ಡ ಹೆದ್ದಾರಿ, ಅದು ಕರ್ನಾಟಕದ ಮೂಲಕವೇ ಹಾದುಹೋಗುತ್ತದೆ. ಬೆಂಗಳೂರು, ಮಂಗಳೂರುಗಳ ನರ್ಸಿಂಗ್ ಕಾಲೇಜುಗಳಲ್ಲಿ ಓದುವ ಮಲಯಾಳಿ ಹುಡುಗಿಯರನ್ನು ನಾವು ನಿತ್ಯ ನೋಡುತ್ತೇವೆ. ಓದು ಮುಗಿಸಿ ಆಸ್ಪತ್ರೆಯಲ್ಲಿ ಅನುಭವ ಗಳಿಸಿದ ಮೇಲೆ ಅವರಲ್ಲಿ ಹಲವರು ಕೊಚ್ಚಿ ಅಥವಾ ತಿರುವನಂತಪುರಕ್ಕೆ ಮರಳಿ ಭಾಷೆಯ ತರಗತಿಗೆ ಕೂರುತ್ತಾರೆ. ಹೊರನಾಡ ಕೇರಳಿಗರಿಗಾಗಿ ಕೇರಳ ಸರ್ಕಾರ ನಡೆಸುವ, ತಿರುವನಂತಪುರದ ನೋರ್ಕಾ ರೂಟ್ಸ್ ಸಂಸ್ಥೆ ಜರ್ಮನಿಯೊಂದಿಗೆ 2021ರಲ್ಲಿ ಮಾಡಿಕೊಂಡ ‘ಟ್ರಿಪಲ್ ವಿನ್’ ಒಪ್ಪಂದದಲ್ಲಿ ನರ್ಸುಗಳಿಗೆ ಜರ್ಮನ್ ಭಾಷೆಯನ್ನು ಬಿ1 ಹಂತದವರೆಗೆ ಉಚಿತವಾಗಿ ಕಲಿಸುತ್ತಾರೆ. ಇಲ್ಲಿ ಪದವಿಯೊಂದೇ ಸಾಲದು. ಭಾಷೆ, ನೋಂದಣಿ, ಅನುಭವದ ಪತ್ರ, ಮೂರೂ ಒಂದೇ ಹೊತ್ತಿಗೆ ಕೈಯಲ್ಲಿರಬೇಕು.

ಒಂದು ಎಚ್ಚರಿಕೆ. ಸ್ವಾಮಿನಾಥನ್, ಅನ್ನಾ ಮಣಿ ಅವರ ಕತೆಗಳು ನಮಗೆ ಗೊತ್ತಿರುವುದು ಅವರು ಗೆದ್ದದ್ದರಿಂದ. ಎರಡನೆಯ ಪದವಿಗೆ ಸೇರಿ ಹಣ ಸಾಲದೆ ಬಿಟ್ಟವರು, ಪ್ರಬಂಧ ತಿರಸ್ಕೃತವಾಗಿ ಪ್ರಯೋಗಾಲಯವನ್ನೇ ತೊರೆದವರು, ಪಟ್ಟಿಯ ಕೊನೆಯ ದಿನದವರೆಗೂ ಕಾದು ವಯಸ್ಸಿನ ಮಿತಿ ದಾಟಿದವರು ಯಾವ ಪುಸ್ತಕದಲ್ಲೂ ಇಲ್ಲ. ಕಾಲೇಜುಗಳು ರಾಷ್ಟ್ರೀಯ ಮೌಲ್ಯಮಾಪನ ಮತ್ತು ಮಾನ್ಯತಾ ಮಂಡಳಿಯ (ನ್ಯಾಕ್) ಮೌಲ್ಯಮಾಪನಕ್ಕಾಗಿ ಎಷ್ಟು ಮಂದಿಗೆ ಕೆಲಸ ಸಿಕ್ಕಿತು, ಎಷ್ಟು ಮಂದಿ ಮುಂದೆ ಓದಿದರು ಎಂದು ಬರೆದಿಡುತ್ತವೆ. ಸಾಮಾನ್ಯವಾಗಿ ಆ ಲೆಕ್ಕ ಪದವಿ ಪಡೆದ ಮರುವರ್ಷಕ್ಕೇ ನಿಲ್ಲುತ್ತದೆ. ನಮಗೆ ಬೇಕಾದದ್ದು ಹತ್ತು ವರ್ಷದ ಲೆಕ್ಕ.

ಇದನ್ನು ಓದುತ್ತಿರುವ ಉಪನ್ಯಾಸಕರಲ್ಲಿ, ಹಳೆ ವಿದ್ಯಾರ್ಥಿ ಸಂಘದವರಲ್ಲಿ ನನ್ನ ಬೇಡಿಕೆ ಇಷ್ಟು. ಕಾಸರಗೋಡಿನ ಸರ್ಕಾರಿ ಕಾಲೇಜಾಗಲಿ, ಪುತ್ತೂರು, ಸುಳ್ಯದ ಕಾಲೇಜುಗಳಾಗಲಿ, ಒಂದು ತರಗತಿಯ ಹಾಜರಿ ಪುಸ್ತಕ ತೆಗೆದುಕೊಳ್ಳಿ. ಪದವಿ ಮುಗಿಸದವರನ್ನೂ ಬಿಡದೆ ಪ್ರತಿಯೊಬ್ಬರನ್ನೂ ಹುಡುಕಿ. ಓದು ಮುಗಿದು ಒಂದು, ಐದು, ಹತ್ತು ವರ್ಷಗಳಾದಾಗ ಎಲ್ಲಿದ್ದರು, ಯಾವ ಹೊತ್ತಿನಲ್ಲಿ ದಾರಿ ಬದಲಿಸಿದರು, ಆಗ ಅವರನ್ನು ತಡೆದದ್ದು ಅಂಕವೋ ಹಣವೋ ಮದುವೆಯೋ ನಿಯಮವೋ, ಆ ನಿಯಮದ ವಿಷಯ ಅವರಿಗೆ ಮೊದಲು ಹೇಳಿದ್ದು ಯಾರು ಎಂದು ಕೇಳಿ. ಉತ್ತರಗಳನ್ನು ಹೆಸರು ತೆಗೆದು, ಈ ವರ್ಷ ಪ್ಲಸ್ ಟು ಮತ್ತು ಪಿಯುಸಿಯಲ್ಲಿ ಕುಳಿತಿರುವ ಮಕ್ಕಳ ಕೈಗೆ ಕೊಡಿ.