ನಗಿಸುವುದು ಬೇರೆ, ನೋಯಿಸುವುದು ಬೇರೆ

ಮೈಕ್ ಹಿಡಿದು ಒಬ್ಬರೇ ನಿಂತು ನಗಿಸುವ ಸ್ಟ್ಯಾಂಡ್‌ಅಪ್ ಕಾಮಿಡಿಗೆ ಎರಡು ದಾರಿ. ಅಮೆರಿಕದ ಡಾನ್ ರಿಕಲ್ಸ್ ಎದುರು ಕೂತವರ ರೂಪ, ಜನಾಂಗ ಹಿಡಿದು ಹಂಗಿಸಿಯೇ ಹೆಸರಾದರು. ಅಲ್ಲಿನವರೇ ಆದ ಪ್ರೀಚರ್ ಮಾಸ್, ಅಝ್ಹರ್ ಉಸ್ಮಾನ್ ‘ಅಲ್ಲಾಹ್ ಮೇಡ್ ಮಿ ಫನ್ನಿ’ಯಲ್ಲಿ ಮುಸ್ಲಿಮರ ಬದುಕನ್ನೇ ಹೇಳಿ ಸಭ್ಯವಾಗಿ ನಗಿಸಿದರು. 2008ರಲ್ಲಿ ಅದು ಸಿನಿಮಾ ಆಯಿತು.

ಹಂಗಿಸಿದರೆ ನಗು ಬೇಗ ಬರ್ತದೆ. ಆದರೆ ಸಭೆಯೇ ನಗುವಾಗ ಗುರಿಯಾದವನೂ ನಗಲೇಬೇಕು. ಒಳಗಿನ ನೋವು ಯಾರಿಗೆ ಕಾಣ್ತದೆ? ಪರಿಹಾಸ್ಯ, ಅಡ್ಡಹೆಸರು ಎರಡನ್ನೂ ಸೂರತುಲ್ ಹುಜುರಾತ್ ತಡೆದಿದೆ.

ಪ್ರವಾದಿಯವರೂ(ಸ) ತಮಾಷೆ ಮಾಡಿದ್ದಾರೆ. ಸವಾರಿಗೆ ಪ್ರಾಣಿ ಕೇಳಿದವನಿಗೆ ಒಂಟೆಯ ಮರಿ ಕೊಡುವುದಾಗಿ ಹೇಳಿದರು. ಮರಿಯಿಂದ ಏನು ಪ್ರಯೋಜನವೆಂದು ಆತ ಕೇಳಿದಾಗ, ದೊಡ್ಡ ಒಂಟೆಯೂ ಒಂಟೆಯ ಮರಿಯೇ ಅಲ್ಲವೇ ಎಂದರು. ಸುಳ್ಳಿಲ್ಲ, ಅವಮಾನವಿಲ್ಲ.

ಮದುವೆ ಮನೆಯಲ್ಲಿ ಒಬ್ಬರ ಬಣ್ಣ, ದಪ್ಪ, ತೊದಲು ಹಿಡಿದು ನಾವು ನಕ್ಕರೆ ಮಕ್ಕಳೂ ಅದನ್ನೇ ಕಲೀತಾರೆ. ಅವರಿಗೆ ಈ ಒಂಟೆಯ ತಮಾಷೆ ಹೇಳಿಕೊಡುವಾ.