ಫ್ಲೈ ರಾಡ್ ಕೊಳ್ಳುವ ಮುನ್ನ

ಗಾಳ ಹಾಕುವುದೆಂದರೆ ನಮ್ಮಲ್ಲಿ ಬಿದಿರಿನ ಕೋಲು, ದಾರ, ಕೊಕ್ಕೆ ಮತ್ತು ಎರೆಹುಳು, ಇಷ್ಟಿದ್ದರೆ ಸಾಕು. ಫ್ಲೈ ಫಿಶಿಂಗ್ ಎಂಬ ವಿಧಾನ ಇದಕ್ಕಿಂತ ಭಿನ್ನವಾದುದು. ಇಲ್ಲಿ ಎರೆಯ ಬದಲು ಗರಿ, ನೂಲುಗಳಿಂದ ಕಟ್ಟಿದ ಕೃತಕ ನೊಣವನ್ನು ಬಳಸುತ್ತಾರೆ. ಬ್ರಿಟಿಷರು 1900ರ ಸುಮಾರಿಗೆ ಟ್ರೌಟ್ ಮೀನನ್ನು ಕಾಶ್ಮೀರಕ್ಕೆ ತಂದು ಬಿಟ್ಟರು. ಅದರೊಂದಿಗೆ ಈ ಹವ್ಯಾಸವೂ ಇಲ್ಲಿ ನೆಲೆಯೂರಿತು. ಕಾಶ್ಮೀರದ ಲಿಡ್ಡರ್, ಹಿಮಾಚಲದ ತೀರ್ಥನ್ ನದಿಗಳಿಗೆ ಇಂದಿಗೂ ಹವ್ಯಾಸಿಗಳು ಹೋಗುತ್ತಾರೆ.

ಹೊಸಬರಿಗೆ ಎದುರಾಗುವ ಮೊದಲ ಪ್ರಶ್ನೆ ಕೋಲಿನದು. ದುಬಾರಿ ಕೋಲು ಎಲ್ಲರ ಕೈಗೆಟುಕುವುದಿಲ್ಲ. ಅಗ್ಗದ್ದು ತಂದರೆ ನದಿಯ ದಡದಲ್ಲಿ ಮುರಿದು, ಪ್ರವಾಸದ ಖರ್ಚೂ ವ್ಯರ್ಥವಾಗುವ ಭಯ. ಆದರೆ ಅಗ್ಗದ ಕೋಲುಗಳೆಲ್ಲ ಕಳಪೆಯಲ್ಲ. ಅಂಗಡಿಯಲ್ಲೇ ಹತ್ತು ನಿಮಿಷ ಪರೀಕ್ಷಿಸಿದರೆ ಕಾಳು ಯಾವುದು, ಜಳ್ಳು ಯಾವುದು ಎಂದು ತಿಳಿಯುತ್ತದೆ.

ಕೋಲಿನ ಕೆಲಸವೇನು?

ಕೃತಕ ನೊಣಕ್ಕೆ ತೂಕವೇ ಇಲ್ಲ. ಅದನ್ನು ಕಲ್ಲಿನಂತೆ ಎಸೆಯಲಾಗದು. ಎಸೆಯುವುದು ದಪ್ಪನೆಯ ದಾರವನ್ನು. ದಾರದ ಭಾರಕ್ಕೆ ಕೋಲು ಸ್ಪ್ರಿಂಗಿನಂತೆ ಬಾಗಿ, ಮತ್ತೆ ನೆಟ್ಟಗಾಗುವಾಗ ದಾರವನ್ನು ಮುಂದಕ್ಕೆ ಚಿಮ್ಮಿಸುತ್ತದೆ. ಆದ್ದರಿಂದಲೇ ದಾರಕ್ಕೂ ಕೋಲಿಗೂ ತೂಕದ ಸಂಖ್ಯೆಗಳಿವೆ. 5ನೇ ಸಂಖ್ಯೆಯ ದಾರದ ಮೊದಲ 30 ಅಡಿ ಸುಮಾರು 9 ಗ್ರಾಂ ತೂಗುತ್ತದೆ. ಹಿಡಿಯ ಮೇಲ್ಭಾಗದಲ್ಲಿ ಈ ಸಂಖ್ಯೆ ಮತ್ತು ಉದ್ದವನ್ನು ಸ್ಪಷ್ಟವಾಗಿ ಬರೆದಿರದ ಕೋಲನ್ನು ಕೊಳ್ಳಬೇಡಿ. ಟ್ರೌಟ್ ಹಿಡಿಯಲು ಕಲಿಯುವವರಿಗೆ 9 ಅಡಿ ಉದ್ದದ, 5ನೇ ಸಂಖ್ಯೆಯ ಕೋಲು ಒಪ್ಪುತ್ತದೆ.

ಪರೀಕ್ಷಿಸುವ ಬಗೆ

ಮೊದಲು ತುಂಡುಗಳನ್ನು ಜೋಡಿಸಿ, ಒಂದು ಕಣ್ಣು ಮುಚ್ಚಿ ಬುಡದಿಂದ ತುದಿಯವರೆಗೆ ನೋಡಿ. ಕೋಲು ನೆಟ್ಟಗಿರಬೇಕು, ಉಂಗುರಗಳೆಲ್ಲ ಒಂದೇ ಸಾಲಿನಲ್ಲಿರಬೇಕು. ನಂತರ ಮೆಲ್ಲಗೆ ಅಲುಗಾಡಿಸಿ. ಜೋಡಣೆಯಲ್ಲಿ 'ಟಕ್' ಎಂಬ ಸದ್ದು ಬಂದರೆ ಅದು ಸಡಿಲವಾಗಿದೆ ಎಂದರ್ಥ. ಎಸೆಯುವಾಗ ಸಾಮಾನ್ಯವಾಗಿ ಕೋಲು ಬಿಚ್ಚಿಕೊಳ್ಳುವುದೂ ಒಡೆಯುವುದೂ ಅಲ್ಲಿಯೇ.

ಎರಡನೆಯದಾಗಿ, ಉಂಗುರಗಳನ್ನು ಎಣಿಸಿ. ಅಡಿಗೊಂದರಂತೆ ಉಂಗುರಗಳು, ಜೊತೆಗೆ ತುದಿಯದೊಂದು ಇರಬೇಕು. ಖರ್ಚು ಉಳಿಸಲು ಕೆಲವರು ಇಲ್ಲಿ ಕೈಹಿಡಿತ ಮಾಡುತ್ತಾರೆ. ಆಗ ನಡುವೆ ದಾರ ಜೋತುಬಿದ್ದು ಕೋಲಿನ ಬಲ ಪೋಲಾಗುತ್ತದೆ. ಹಳೆಯ ನೈಲಾನ್ ಕಾಲುಚೀಲದ ಚೂರನ್ನು ಪ್ರತಿ ಉಂಗುರದೊಳಗೆ ಎಳೆದು ನೋಡಿ. ಎಳೆ ಸಿಕ್ಕಿಕೊಂಡರೆ ಅಲ್ಲಿ ಬಿರುಕು ಅಥವಾ ಒರಟು ಅಂಚು ಇದೆ. ಅದು ದಾರವನ್ನು ಸವೆಸುತ್ತದೆ.

ಮೂರನೆಯದು ಬಾಗುವಿಕೆ. ದಾರವನ್ನು ಉಂಗುರಗಳಲ್ಲಿ ಪೋಣಿಸಿ, ಅದರ ತುದಿಯನ್ನು ಅಂಗಡಿಯವರ ಕೈಗೆ ಕೊಟ್ಟು, ಕೋಲನ್ನು ನಿಧಾನವಾಗಿ ಎತ್ತಿ. ಅದು ಬಿಲ್ಲಿನಂತೆ ನಯವಾಗಿ ಬಾಗಬೇಕು. ಜೋಡಣೆಯ ಬಳಿ ಚಪ್ಪಟೆಯಾಗಿ ನಿಂತರೆ ಅದು ದೋಷ. ತುದಿಯನ್ನು ಕೈಯಿಂದ ಹಿಡಿದು ಬಗ್ಗಿಸಬೇಡಿ. ಒಳ್ಳೆಯ ಕೋಲೂ ಹಾಗೆ ಮುರಿಯುತ್ತದೆ. ಬಳಿಕ ದಾರ ತೆಗೆದು ಕೋಲನ್ನು ಬೀಸಿ, ಥಟ್ಟನೆ ನಿಲ್ಲಿಸಿ. ತುದಿ ಬೇಗನೆ ನಿಶ್ಚಲವಾಗಬೇಕು. ಬಹಳ ಹೊತ್ತು ನಡುಗುವ ಕೋಲು ದಾರದಲ್ಲೂ ಅಲೆಯೆಬ್ಬಿಸುತ್ತದೆ.

ಕೊನೆಯದಾಗಿ ಹಿಡಿ. ಕಾರ್ಕಿನಲ್ಲಿ ಸಣ್ಣ ಗುಳಿಗಳಿದ್ದರೆ ಚಿಂತೆಯಿಲ್ಲ, ಹಿಡಿ ತಿರುಗುವಂತಿರಬಾರದು. ನಿಮ್ಮ ರೀಲನ್ನು ಜೊತೆಗೆ ಒಯ್ದು, ತಿರುಪು ಬಿಗಿದು, ಅಲುಗಿಸಿ ನೋಡಿ. ಬಿಗಿಯಲು ಎರಡು ಬಳೆಗಳಿದ್ದರೆ ಉತ್ತಮ.

ಮರುಳಾಗಬೇಡಿ

ಹೊಳೆಯುವ ಬಣ್ಣ, ದೊಡ್ಡ ಅಕ್ಷರದ ಹೆಸರು ಇವು ಗುಣದ ಗುರುತಲ್ಲ. ಗ್ರಾಫೈಟ್ ಹಗುರ, ಆದರೆ ಪೆಟ್ಟು ತಾಳುವುದು ಕಡಿಮೆ. ಫೈಬರ್ ಗ್ಲಾಸ್ ತುಸು ಭಾರ, ಆದರೆ ಗಟ್ಟಿ. ಚಿಕ್ಕ ತೊರೆಗಳಿಗೆ ಚೆನ್ನ. ತೀರ ಸೆಟೆದ ಕೋಲಿಗಿಂತ ಸ್ವಲ್ಪ ಮೆತ್ತಗೆ ಬಾಗುವ ಕೋಲೇ ಕಲಿಯುವವರಿಗೆ ಅನುಕೂಲ, ಏಕೆಂದರೆ ಅದು ಬಾಗುವುದು ಕೈಗೆ ತಿಳಿಯುತ್ತದೆ. ತುದಿಯ ತುಂಡು ಬಿಡಿಯಾಗಿ ಸಿಗುವುದೇ ಎಂದು ಮರೆಯದೆ ಕೇಳಿ. ಅಂಚೆಯ ಮೂಲಕ ತರಿಸುವವರು ಹಿಂದಿರುಗಿಸುವ ಅವಧಿಯನ್ನು ಮೊದಲೇ ತಿಳಿದು, ಆ ಅವಧಿಯೊಳಗೆ ಈ ಪರೀಕ್ಷೆಗಳನ್ನು ಮುಗಿಸಬೇಕು.

ಒಂದು ಮುಖ್ಯ ಎಚ್ಚರಿಕೆ: ಗ್ರಾಫೈಟಿನಲ್ಲಿ ವಿದ್ಯುತ್ ಹರಿಯುತ್ತದೆ. ವಿದ್ಯುತ್ ತಂತಿಯ ಕೆಳಗೆ, ಗುಡುಗು ಸಿಡಿಲಿನ ಹೊತ್ತಿನಲ್ಲಿ ಇಂಥ ಕೋಲನ್ನು ಎತ್ತಿ ಹಿಡಿಯುವುದು ಪ್ರಾಣಕ್ಕೆ ಅಪಾಯ.

ಟ್ರೌಟ್ ನದಿಗಳಲ್ಲಿ ಗಾಳ ಹಾಕಲು ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು. ನಮ್ಮ ಕಾವೇರಿಯ ಡುಬ್ಬದ ಮಹಸೀರ್ 2018ರಲ್ಲಿ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿದೆ. ಆದ್ದರಿಂದ ಯಾವ ನೀರಿಗೇ ಇಳಿಯುವ ಮುನ್ನವೂ ಅಲ್ಲಿನ ನಿಯಮವನ್ನು ವಿಚಾರಿಸಿ. ಮೀನಿನ ಗಾತ್ರಕ್ಕೆ ತಕ್ಕ ಕೋಲಿದ್ದರೆ ಅದನ್ನು ಬೇಗ ದಡಕ್ಕೆ ತಂದು, ದಣಿದು ಸಾಯುವ ಮೊದಲೇ ನೀರಿಗೆ ಬಿಡಬಹುದು. ಕೋಲನ್ನು ನೋಡಿ ಕೊಳ್ಳುವುದರಿಂದ ಹಣದ ಜೊತೆಗೆ ಮೀನೂ ಉಳಿಯುತ್ತದೆ.